ಫಾರ್ಗೋಗೆ ಬೇಕಾದ್ದು

ಗೋಣಿಕೊಪ್ಪದ ಬೈಪಾಸಿನಲ್ಲಿ ಮೊಯ್ದುವಿನ ಅಂಗಡಿ.
ಗಾಜಿನ ಮೇಜಿನ ಮೇಲೆ ಒಂದೊಂದಾಗಿ ಇಡುತ್ತಾನೆ,
ಮದುವೆ ಮನೆಯವರಿಗೆ ಒಡವೆ ಬಿಚ್ಚುವ ಅಕ್ಕಸಾಲಿಯ ಹಾಗೆ:
ಮೂರು ಕೊಳವೆಯ ಗಾಳಿ ಹಾರ್ನು,
ಹಲ್ಲು ನೋಡಿಕೊಳ್ಳಬಹುದಾದ ಕ್ರೋಮು ಬಂಪರು,
ಹುಲಿಪಟ್ಟೆಯ ಸೀಟು ಕವರು,
ಬಾನೆಟ್ಟಿನ ಮೂಗಿಗೆ ರೆಕ್ಕೆ ಬಿಚ್ಚಿದೊಂದು ಹದ್ದು.
‘ಐವತ್ನಾಲ್ಕರ ಫಾರ್ಗೋ, ದೇಚಕ್ಕ.
ಪೇಟೆಗೆ ಬಂದರೆ ರಾಣಿ ಬಂದ ಹಾಗಿರಬೇಕು.’

ರಾಣಿಯಂತೆ.
ನಿನ್ನೆ ಕುರಿಗೊಬ್ಬರ ಹೊತ್ತಳು ರಾಣಿ,
ಮೊನ್ನೆ ಮೋಟಾರು ಸುಟ್ಟ ಪಂಪು,
ಅದರ ಹಿಂದಿನ ದಿನ ಯಾರದೋ ಮದುವೆಯ
ಕಡಂಬುಟ್ಟು ಬೇಯಿಸುವ ಪಾತ್ರೆಗಳು,
ಪೊನ್ನಂಪೇಟೆವರೆಗೂ ಗಲಗಲ ನಗುತ್ತ.

ಹದ್ದು ಬೇಡ. ನಮ್ಮ ಕಡೆ ಅದು ಕೋಳಿಮರಿ ಕದಿಯುವ ಜಾತಿ,
ದುಡ್ಡು ಕೊಟ್ಟು ಮನೆಗೆ ಕರೆತರಲೆ?
ಹಾರ್ನೂ ಬೇಡ. ತಿತಿಮತಿ ಕಾಡಿನಲ್ಲಿ ಅದನ್ನು ಒತ್ತಿದವನ ಜೀಪು
ಇನ್ನೂ ಠಾಣೆಯ ಹಿತ್ತಲಲ್ಲಿ ಮಗ್ಗುಲಾಗಿ ಮಲಗಿದೆ,
ಬಾಗಿಲಲ್ಲಿ ದಂತದ ಅಳತೆಗೆ ಸರಿಯಾಗಿ ಒಂದು ತೂತು.

ಚೀಟಿ ಬರೆದು ತಂದಿದ್ದೆ.
ಟಾರ್ಪಾಲು: ನೀಲಿ ಪ್ಲಾಸ್ಟಿಕ್ಕಲ್ಲ, ಮೇಣ ತಿಂದ ಕ್ಯಾನ್ವಾಸು,
ಗೇಣಿಗೊಂದು ಹಿತ್ತಾಳೆಯ ಕಣ್ಣು.
ಜನವರಿಯಲ್ಲಿ ಹೇಳದೆ ಬರುವ ಮಳೆಗೆ
ಒಣಗಿದ ಕಾಫಿ ಒಂದು ಗಳಿಗೆ ನೆನೆದರೆ ಸಾಕು,
ವ್ಯಾಪಾರಿ ಮೂಗಿನಿಂದಲೇ ದರ ಇಳಿಸುತ್ತಾನೆ.
ಹಗ್ಗದ ಕೊಂಡಿ ಎಂಟು, ತೊಟ್ಟಿಯ ಒಳಮೈಗೆ.
ಹೊರಗೆ ಹೊಡೆಸಿದ್ದೆ ಒಮ್ಮೆ; ಕಡಂಗದ ಇಕ್ಕಟ್ಟಿನಲ್ಲಿ
ಹೂ ಬಿಟ್ಟ ರೆಂಬೆಯನ್ನೇ ಸೀಳಿಕೊಂಡು ಬಂತು,
ಮನೆ ಮುಟ್ಟುವವರೆಗೆ ಘಮಘಮ, ನನಗೆ ನಾಚಿಕೆ.
ಜಾಕಿನ ಕೆಳಗಿಡಲು ಹಲಸಿನ ತುಂಡು (ಮನೆಯಲ್ಲೇ ಉಂಟು).
ಮಂಜಿಗೆ ಹಳದಿ ದೀಪ ಎರಡು, ಬಂಪರಿನ ಕೆಳಗೆ.
ಮೇಲೆ ಕಟ್ಟಿದರೆ
ಸುಣ್ಣದ ಗೋಡೆಗೆ ಮತ್ತೆ ಸುಣ್ಣ ಹೊಡೆದ ಹಾಗೆ.

ಮೊಯ್ದು ಕಿವಿಯಿಂದ ಪೆನ್ಸಿಲು ತೆಗೆದ.
‘ಆರು ವೋಲ್ಟಿನ ಮುದುಕಿ, ಅಕ್ಕ.
ಡೈನಮೋ ಇನ್ನೆರಡು ದೀಪ ಹೊತ್ತೀತು,
ಮೂರನೆಯದಕ್ಕೆ ಕಣ್ಣು ಮುಚ್ಚೀತು.’
ಮೂರನೆಯದನ್ನು ಯಾರು ಕೇಳಿದರು, ಅಂದೆ.

ಬೊಳ್ಳಿ ಕೇಳಿದಳು.
ಹೊರಗೆ, ಗಾಡಿಯ ಹಿಂಬಾಗಿಲಿಗೆ ಒರಗಿ, ಮೊಣಕಾಲು ತಿಕ್ಕುತ್ತ.
ಹದಿನೇಳು ವರ್ಷದಿಂದ ನಮ್ಮ ತೋಟಕ್ಕೆ ಬರುವವಳು,
ಟೈರಿನ ಮೇಲೆ ಕಾಲಿಟ್ಟು, ಹಗ್ಗ ಹಿಡಿದು ಹತ್ತುವವಳು.
ಚೀಟಿ ಬರೆಯುವಾಗ ಅವಳನ್ನು ನಾನು ಕೇಳಿರಲಿಲ್ಲ.
‘ಒಂದು ಮೆಟ್ಟಿಲು,’ ಅಂದಳು, ‘ಕೈಗೊಂದು ಕಂಬಿ.
ಆಮೇಲೆ ಹಿಂದಕ್ಕೊಂದು ಲೈಟು.
ಮಾಲ್ದಾರೆ ತಿರುವು ಮರೆತಿರಾ?’

ಮರೆತಿಲ್ಲ.
ರಸ್ತೆ ತುಂಬ ಒಂಟಿ ಸಲಗ. ಕಿವಿ ಬೀಸುತ್ತಿರಲಿಲ್ಲ.
ಹೆಡ್‌ಲೈಟು ಆರಿಸಿದೆ.
ಹಿಂದೆ ಬರೀ ಕಪ್ಪು, ಎರಡು ಕಡೆಯೂ ಕಂದಕ.
ತೊಟ್ಟಿಯಲ್ಲಿ ನಿಂತು ಬೊಳ್ಳಿ,
ಪಿಸುಮಾತಿಗಿಂತ ಒಂದು ನೂಲು ಮೇಲೆ:
ಬಾ... ಬಾ... ಎಡಕ್ಕೆ... ಅಷ್ಟೇ... ಬಾ.
ಅರ್ಧ ಮೈಲಿ ಹಿಂದಕ್ಕೆ ಓಡಿಸಿದೆ
ಅವಳ ದನಿಯನ್ನು ಹಿಡಿದು, ಸ್ಟೀರಿಂಗನ್ನಲ್ಲ.
ಮರುದಿನ ಇಬ್ಬರೂ ಆ ಮಾತೆತ್ತಲಿಲ್ಲ.
ಅವಳ ಕೂಲಿ ಅಷ್ಟೇ ಇತ್ತು.

ಮಂಜಿನ ದೀಪ ಒಂದೇ ಸಾಕು, ಅಂದೆ.
ಮೊಯ್ದು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ಸುರಿದು
ಆರು ವೋಲ್ಟಿನ ಬಲ್ಬು ಹೆಕ್ಕಿದ, ಉಸಿರೂದಿ ಒರೆಸಿದ.
ಒಮ್ಮೆ ಮಿಣುಕಿತು. ನಿಂತಿತು.
ಮೆಟ್ಟಿಲು ಪಕ್ಕದ ವೆಲ್ಡಿಂಗಿನಲ್ಲಿ,
ಕೆಸರು ಕೆಳಗಿಳಿಯುವಂಥ ಕಬ್ಬಿಣದ ಜಾಲರಿ;
ಎತ್ತರ ನನ್ನ ಅಂದಾಜಲ್ಲ,
ಬೊಳ್ಳಿ ಕಾಲೆತ್ತಿ ತೋರಿಸಿದಷ್ಟು.

ಬಿಸಿ ಆರುವ ಮೊದಲೇ ಹತ್ತಿದಳು. ಇಳಿದಳು.
ಕಂಬಿ ಅಲುಗಿಸಿ ನೋಡಿದಳು.
ಇನ್ನೊಂದು ಸಲ ಹತ್ತಿದಳು, ಈ ಸಲ ನೋವಿನ ಕಾಲು ಮೊದಲು.
‘ಹೂಂ,’ ಅಂದಳು,
ನನಗಲ್ಲ, ವೆಲ್ಡಿಂಗಿನವನಿಗೆ.